ಬಿಟ್ಟುಕೊಟ್ಟ ಚೆಂಡು

ಡೆನ್‌ಥಾರ್ಪ್, ಯಾರ್ಕ್‌ಷೈರ್
೧೧ ಫೆಬ್ರುವರಿ ೧೯೩೬, ಮಂಗಳವಾರ

ಪ್ರೀತಿಯ ಅಣ್ಣಾ,

ನೀನು, ಮಿರಿಯಮ್ ಅತ್ತಿಗೆ, ಪುಟ್ಟ ಕ್ಲಾರಾ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಬಲಗೈ ಹೆಬ್ಬೆರಳಿನ ಗಂಟು ಕೆನಡಾದ ಚಳಿಗೆ ಹೇಗಿದೆ? ಇಲ್ಲಿದ್ದಾಗ ನವೆಂಬರ್ ಬಂತೆಂದರೆ ಅದನ್ನು ಬಿಸಿನೀರಿನ ಬಟ್ಟಲಲ್ಲಿ ಅದ್ದಿಕೊಂಡು ಕೂರುತ್ತಿದ್ದೆ. ಅಮ್ಮ ಕೇಳುತ್ತಾಳೆ, ಅದಕ್ಕೇ ಬರೆದೆ. ಅವಳ ಕೆಮ್ಮು ಕ್ರಿಸ್‌ಮಸ್ಸಿಗೆ ಜೋರಾಗಿತ್ತು, ಈಗ ಇಳಿದಿದೆ. ದೊರೆ ತೀರಿಕೊಂಡ ದಿನ ನಮ್ಮ ಗಡಿಯಾರಕ್ಕೆ ಕಪ್ಪು ಪಟ್ಟಿ ಕಟ್ಟಿದವಳು ಇನ್ನೂ ಬಿಚ್ಚಿಲ್ಲ. ಗಂಟೆ ಎಷ್ಟಾಯಿತೆಂದು ನೋಡಲು ಪಟ್ಟಿ ಎತ್ತಬೇಕು. ನನ್ನವಳು ಇಡಾ ರೇಗುತ್ತಾಳೆ, ಅಮ್ಮ ಕೇಳುವುದಿಲ್ಲ. ನೀನು ಕಳಿಸಿದ ಫೋಟೋ ಒಲೆಯ ಮೇಲಿನ ಹಲಗೆಯಲ್ಲಿದೆ. ಮಗುವಿಗೆ ನಿನ್ನದೇ ಕಿವಿ ಬಂದಿದೆ. ದೊಡ್ಡವಳಾದ ಮೇಲೆ ಸರಿಹೋಗಲಿ.

ನಮ್ಮ ಹಳೆಯ ಕ್ಲಬ್ಬು ಸ್ಕೆಲ್‌ಬೆಕ್ ಜೊತೆಗಿನ ಫುಟ್‌ಬಾಲ್ ಕಪ್ ಪಂದ್ಯದ ಸುದ್ದಿ ನಿಮ್ಮ ಕಡೆಯ ಪತ್ರಿಕೆಯಲ್ಲೂ ಒಂದೆರಡು ಸಾಲು ಬಂದಿರಬಹುದು. ಬಂದಿದ್ದರೂ ಅಲ್ಲಿ ಇರುವುದು ಬರಿಯ ಅಂಕೆ. ನಿನಗೆ ನಾನೇ ಹೇಳಬೇಕು. ಹೇಳುವುದಾದರೆ ಅಲ್ಲಿಂದ ಶುರುಮಾಡಿದರೆ ಸಾಲದು. ಕಳೆದ ಐದು ವರ್ಷ ನಾನು ಹೇಗೆ ಬದುಕಿದೆನೆಂದು ನೀನು ಒಂದು ಕಾಗದದಲ್ಲೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಇವತ್ತು ಮಧ್ಯಾಹ್ನದ ಪಾಳಿ ಇಲ್ಲ, ಹೊರಗೆ ಮಂಜುಗಡ್ಡೆ ಕಟ್ಟಿದೆ, ಇಡಾ ಅಮ್ಮನನ್ನು ಕರೆದುಕೊಂಡು ಚಾಪೆಲ್ಲಿನ ಹೆಂಗಸರ ಟೀಗೆ ಹೋಗಿದ್ದಾಳೆ. ಕೂತು ಬರೆಯುತ್ತಿದ್ದೇನೆ.

ಚೆಂಡಿಗೆ ಕಾಲು ಕೊಡುವುದನ್ನು ನನಗೆ ಕಲಿಸಿದವನು ನೀನು. ಚಾಪೆಲ್ಲಿನ ಹಿಂದಿನ ಇಳಿಜಾರು ಜಾಗದಲ್ಲಿ ನೀನು ಎರಡು ಕೋಟುಗಳ ನಡುವೆ ನಿಂತು, ನಿನ್ನ ಮುಂದೆ ನನ್ನನ್ನು ನಿಲ್ಲಿಸಿ, "ನೀನು ಅವನ ಕಾಲು ನೋಡ್ಬೇಡ, ಸೊಂಟ ನೋಡು. ಸೊಂಟ ಸುಳ್ಳು ಹೇಳಲ್ಲ" ಎಂದು ಹೇಳಿಕೊಟ್ಟೆ. ಅಪ್ಪ ಯುದ್ಧದಿಂದ ಬರಲಿಲ್ಲ. ಹಾಗಾಗಿ ನನ್ನ ಹದಿನಾಲ್ಕನೆಯ ವಯಸ್ಸಿನಿಂದ ಹದಿನೆಂಟರವರೆಗೆ ನನ್ನನ್ನು ಬೈದದ್ದು, ಹೊಡೆದದ್ದು, ಹೊಗಳಿದ್ದು ಎಲ್ಲ ನೀನೇ. ಸ್ಕೆಲ್‌ಬೆಕ್ ಕ್ಲಬ್ಬಿಗೆ ನಿನ್ನ ಹಿಂದೆಯೇ ನಾನು ಸೇರಿದಾಗ ಜನ ನಮ್ಮಿಬ್ಬರನ್ನು "ಹಾಲ್‌ರಾಯ್ಡ್‌ರ ಮನೆಬಾಗಿಲು" ಎಂದು ಕರೆಯುತ್ತಿದ್ದರು. ಅಣ್ಣ ಗೋಲಿನಲ್ಲಿ, ತಮ್ಮ ಅವನ ಮುಂದೆ ಕಾಯುವ ಎಡ ಬ್ಯಾಕ್. ಒಂಬತ್ತು ಸೀಸನ್. ಇಪ್ಪತ್ತೈದರಲ್ಲಿ ಆಫ್‌ಸೈಡ್ ನಿಯಮ ಬದಲಾಗಿ ಹಳೆಯ ಬ್ಯಾಕ್ ಆಟಗಾರರೆಲ್ಲ ದಿಕ್ಕುಗೆಟ್ಟಾಗಲೂ ನಾನು ಉಳಿದುಕೊಂಡೆ. ಕಾರಣ ಬೇರೇನಲ್ಲ, ಹಿಂದಿನಿಂದ ನಿನ್ನ ದನಿ ಕೇಳುತ್ತಿತ್ತು. "ಬಿಡು" ಎಂದರೆ ಬಿಡುತ್ತಿದ್ದೆ, "ತೆಗಿ" ಎಂದರೆ ತೆಗೆಯುತ್ತಿದ್ದೆ. ಇಂಗ್ಲೆಂಡ್ ತಂಡಕ್ಕೆ ನನ್ನನ್ನು ಒಮ್ಮೆ ಮೀಸಲು ಆಟಗಾರನಾಗಿ ಕರೆದರಲ್ಲ, ಆಗ ಅಮ್ಮನಿಗಿಂತ ಮೊದಲು ಅತ್ತವನು ನೀನು. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು.

ಮೂವತ್ತೊಂದನೆಯ ಇಸವಿಯ ಮೇ ಎರಡು. ಸೀಸನ್ನಿನ ಕೊನೆಯ ಪಂದ್ಯ, ದಕ್ಷಿಣದ ಆ ಬಂದರಿನ ಊರಿನಲ್ಲಿ. ಡ್ರಾ ಆದರೂ ನಾವು ಮೊದಲ ಡಿವಿಜನ್ನಿಗೆ ಹೋಗುತ್ತಿದ್ದೆವು. ಒಂದೊಂದು ಗೋಲಿನ ಸಮ, ಇನ್ನು ನಾಲ್ಕು ನಿಮಿಷ. ಅವರ ಕಡೆಯಿಂದ ಒಂದು ಉದ್ದದ ಚೆಂಡು ಬಂತು, ಅದರಲ್ಲಿ ಏನೂ ವಿಶೇಷವಿರಲಿಲ್ಲ. ನಾನು ಕಾಲೆತ್ತಿದ್ದೆ. "ಬಿಡು ಎಜ್ರಾ, ನನ್ದು" ಎಂದು ನೀನು ಕೂಗಿದೆ. ನಾನು ಕಾಲಿಳಿಸಿದೆ. ನೀನು ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟೆ. ಚೆಂಡು ಪುಟಿದು ನಿನ್ನ ಪಕ್ಕದಿಂದಲೇ, ಯಾರೂ ಮುಟ್ಟದೆ, ಬಲೆಗೆ ಹೋಯಿತು. ಯಾಕೆ ನಿಂತೆ ಎಂದು ನಾನು ಅವತ್ತೂ ಕೇಳಲಿಲ್ಲ, ಇವತ್ತೂ ಕೇಳುವುದಿಲ್ಲ. ಗೋಲ್‌ಕೀಪರಿಗೆ ಅಂಥದ್ದು ಆಗುತ್ತದೆ. ಆದರೆ ಮೂವತ್ತು ಸಾವಿರ ಜನರ ಗದ್ದಲದಲ್ಲಿ ನಿನ್ನ ಕೂಗು ಕೇಳಿಸಿದ್ದು ನನಗೊಬ್ಬನಿಗೆ. ಉಳಿದವರಿಗೆ ಕಂಡದ್ದು ಇಷ್ಟೇ: ಎಡ ಬ್ಯಾಕ್ ಚೆಂಡಿನ ಹತ್ತಿರ ಬಂದ, ಕಾಲೆತ್ತಿದ, ಬೇಕೆಂದೇ ಬಿಟ್ಟುಕೊಟ್ಟ.

ಬುಧವಾರ ಆರ್ಮಿಸ್ಟೆಡ್ ಸಾಹೇಬರು ಇಬ್ಬರನ್ನೂ ಕರೆಸಿದರು. ಇಡೀ ಊರಿಗೆ ಕೂಲಿ ಕೊಡುವ ಗಿರಣಿಯ ಯಜಮಾನ, ಮೇಲೆ ಕ್ಲಬ್ಬಿನ ಅಧ್ಯಕ್ಷ. ಕುರ್ಚಿಯಲ್ಲಿ ಕೂತೇ, "ಪಂದ್ಯ ಮಾರ್ಕೊಂಡ್ಯಾ?" ಎಂದು ಕೇಳಿದರು. "ಇಲ್ಲ ಸಾರ್. ಅಣ್ಣ ಬಿಡು ಅಂತ ಕೂಗ್ದ, ಬಿಟ್ಟೆ" ಎಂದೆ. ಅವರು ನಿನ್ನ ಕಡೆ ತಿರುಗಿದರು. ನೀನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ನೆನಪಿಲ್ಲ ಸಾರ್" ಎಂದೆ. ನೆನಪಿಲ್ಲ. ಆಮೇಲೆ ನನ್ನನ್ನು ಹೊರಗೆ ಕಳಿಸಿ ನಿನ್ನನ್ನು ಒಳಗೆ ಇರಿಸಿಕೊಂಡರು. ಗೋಡೆಯ ಹಳೆಯ ತಂಡಗಳ ಫೋಟೋ ನೋಡುತ್ತ ಕಾದೆ. ಹೊರಬಂದ ನಿನ್ನ ಮುಖ ಸುಣ್ಣದ ಹಾಗಿತ್ತು. "ಏನಂದ್ರು?" ಎಂದೆ. "ಏನಿಲ್ಲ, ನಡಿ" ಎಂದೆ ನೀನು. ಹೆದರಿದ್ದಾನೆ, ಪಾಪ, ಎಂದುಕೊಂಡೆ. ನೋಡು, ಅವತ್ತು ಕೂಡ ನಿನ್ನ ಬಗ್ಗೆ ನನಗೆ ಬಂದದ್ದು ಮರುಕ.

ಕ್ಲಬ್ಬಿನವರು ನನ್ನನ್ನು ತೆಗೆಯಲಿಲ್ಲ. ತೆಗೆದಿದ್ದರೆ ಬೇರೆ ಕಡೆ ಹೋಗಿ ಆಡುತ್ತಿದ್ದೆ. ಹೆಸರನ್ನು ಹಿಡಿದಿಟ್ಟುಕೊಂಡವರ ಪಟ್ಟಿಗೆ ಹಾಕಿ, ಆಡಿಸುವುದೂ ಇಲ್ಲ, ಬಿಡುವುದೂ ಇಲ್ಲ ಎಂದು ಕೂತರು. ಲೀಗಿನ ಯಾವ ಕ್ಲಬ್ಬೂ ನನ್ನನ್ನು ಮುಟ್ಟುವ ಹಾಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಬ್ಯಾಕ್ ಆಟಗಾರನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಹಾಗೆ. ನೀನು ಆಗ ಕ್ಲಬ್ಬು ಕೊಟ್ಟ ಹೊಸ ಮನೆಗೆ ಹೋಗಿದ್ದೆ, ಹಾಗಾಗಿ ನಮ್ಮ ಬೀದಿಯಲ್ಲಿ ನಡೆದದ್ದನ್ನು ನೋಡಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಮಾರಿಕೊಂಡವನು" ಎಂದು ಬರೆದಿತ್ತು. ಅಮ್ಮ ಬಕೆಟ್ಟು, ಬ್ರಷ್ಷು ತಂದು ಉಜ್ಜಿದಳು. ಮಾರನೆಯ ದಿನ ಬಣ್ಣದಲ್ಲಿ ಬರೆದಿದ್ದರು. ಅದನ್ನೂ ಉಜ್ಜಿದಳು. ಮರದ ನಾರು ಏಳುವವರೆಗೆ ಉಜ್ಜಿದಳು. ಬೀದಿಯ ಹೆಂಗಸರು ಅವರವರ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು. ಕಸಾಯಿ ಅಂಗಡಿಯಲ್ಲಿ ಇಡಾಳನ್ನು ಸಾಲಿನ ಕೊನೆಗೆ ಕಳಿಸಿ, "ನಿಮ್ಮೆಜಮಾನ್ರಿಗೆ ದಕ್ಷಿಣದ ಕಡೆ ಮಾಂಸ ಇಷ್ಟ ಅಲ್ವೇನಮ್ಮಾ, ಇಲ್ಲಿಗ್ಯಾಕೆ ಬಂದೆ?" ಎಂದರಂತೆ. ಬಣ್ಣದ ಗಿರಣಿಯಲ್ಲಿ ನನಗೆ ಸಿಕ್ಕ ಕೆಲಸ ಮೂರನೆಯ ವಾರಕ್ಕೇ ಹೋಯಿತು. ಗಿರಣಿ ಯಾರದ್ದೆಂದು ನಿನಗೆ ಗೊತ್ತೇ ಇದೆ.

ಡೆನ್‌ಥಾರ್ಪ್‌ನಿಂದ ಕರೆ ಬಂದದ್ದು ಆಗ. ಗಣಿಯ ಹಳ್ಳಿ, ಲೀಗಿನ ಹೊರಗಿನ ತಂಡ. ಹಾಗಾಗಿ ಆ ಪಟ್ಟಿಯ ಹಿಡಿತ ಇಲ್ಲಿಗೆ ತಲುಪುವುದಿಲ್ಲ. ತಂಡದ ಕಾರ್ಯದರ್ಶಿ ಜಾಸ್ ಪಿಕರ್ಸ್‌ಗಿಲ್ ಗಣಿಯ ಕಮ್ಮಾರ, ಮುಖದ ತುಂಬ ಕಲ್ಲಿದ್ದಲ ಪುಡಿ ಕೂತ ನೀಲಿ ಮಚ್ಚೆ. ಅವನು ನಮ್ಮ ಮನೆಗೆ ಬಂದು ಅಮ್ಮ ಕೊಟ್ಟ ಟೀ ಕುಡಿದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ನಿಜ ಹೇಳು, ಮಾರ್ಕೊಂಡ್ಯಾ?" ಎಂದ. "ಇಲ್ಲ" ಎಂದೆ. "ಹಂಗಾದ್ರೆ ಸರಿ. ಮಾರ್ಕೊಂಡಿದ್ರೂ ನಮ್ಮಲ್ಲಿ ಕೊಳ್ಳೋಷ್ಟು ದುಡ್ಡಿರೋರು ಯಾರಿಲ್ಲ" ಎಂದು ನಕ್ಕ. ನಾಲ್ಕು ತಿಂಗಳಲ್ಲಿ ನನ್ನೆದುರು ಯಾರೋ ನಕ್ಕದ್ದು ಅದೇ ಮೊದಲು. ಗಣಿಯ ಮೇಲ್ಗಡೆ ಕಲ್ಲಿದ್ದಲು ಆರಿಸುವ ಕೆಲಸ, ಶನಿವಾರ ಆಟ. ಅಂದಿನಿಂದ ಇಲ್ಲೇ ಇದ್ದೇವೆ, ಅಮ್ಮನೂ ನಮ್ಮೊಂದಿಗೇ.

ಮರುವರ್ಷ ನೀನು ಕೆನಡಾಕ್ಕೆ ಹೊರಟಾಗ ಸ್ಟೇಷನ್ನಿಗೆ ಬಂದಿದ್ದೆನಲ್ಲ. ರೈಲು ಹೊರಡುವ ಮೊದಲು ನೀನು ನನ್ನನ್ನು ತಬ್ಬಿಕೊಂಡು, "ನನ್ ಕೈಲಿ ಏನೂ ಮಾಡಕ್ಕಾಗ್ಲಿಲ್ಲ ಕಣೋ ಎಜ್ರಾ" ಎಂದು ಅತ್ತೆ. ನಾನು ನಿನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡೋ, ಆಗಿದ್ದು ಆಯ್ತು" ಎಂದು ಸಮಾಧಾನ ಮಾಡಿದೆ. ಈ ಹದಿನೈದು ದಿನದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಬಾಗಿಲ ಮೇಲಿನ ಬಣ್ಣವಲ್ಲ, ಕಸಾಯಿಯ ಮಾತೂ ಅಲ್ಲ. ನಿನ್ನ ಬೆನ್ನು ತಟ್ಟಿದ ನನ್ನ ಈ ಕೈ.

ಕಪ್ಪಿನ ಮೂರನೆಯ ಸುತ್ತಿನಲ್ಲಿ ನಮ್ಮ ಎದುರಾಳಿ ಸ್ಕೆಲ್‌ಬೆಕ್, ಅದೂ ನಮ್ಮ ನೆಲದಲ್ಲೇ ಎಂದು ಜಾಸ್ ಓಡಿಬಂದು ಹೇಳಿದಾಗ ನಾನು ಜಿಡ್ಡು ಸವರಿದ ಬ್ರೆಡ್ಡು ತಿನ್ನುತ್ತಿದ್ದೆ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಪಂದ್ಯಕ್ಕೆ ಮೂರು ವಾರವಿದೆ ಎಂದು ಲೆಕ್ಕ ಹಾಕಿದೆ. ಗಣಿಯಲ್ಲಿ ಎಲ್ಲರಿಗೂ ವಿಷಯ ಗೊತ್ತು. ಯಾರೂ ಆಡಿ ತೋರಿಸಲಿಲ್ಲ. ಗಣಿಯೊಳಗೆ ಇಳಿಸುವ ಕಬ್ಬಿಣದ ಪಂಜರ ಹತ್ತುವ ಮೊದಲು ಒಬ್ಬೊಬ್ಬರೂ ನನ್ನ ಭುಜ ಮುಟ್ಟಿ ಹೋಗುತ್ತಿದ್ದರು.

ಜನವರಿ ಹನ್ನೊಂದು. ನೆಲ ಕಬ್ಬಿಣದಂತೆ ಗಟ್ಟಿಯಾಗಿತ್ತು. ಗಣಿಯ ಕಲ್ಲುಗುಡ್ಡೆಯ ಮೇಲೆಲ್ಲ ಜನ, ಏಳು ಸಾವಿರ ಎಂದರು. ಆರ್ಮಿಸ್ಟೆಡ್ ಸಾಹೇಬರು ತುಪ್ಪಳದ ಕಾಲರಿನ ಕೋಟು ತೊಟ್ಟು ನಮ್ಮ ಹಲಗೆಯ ಗ್ಯಾಲರಿಯಲ್ಲಿ ಕೂತಿದ್ದರು, ಅಕ್ಕಪಕ್ಕದಲ್ಲಿ ಪಾಳಿ ಮುಗಿಸಿ ಮುಖ ಕೂಡ ತೊಳೆಯದೆ ಬಂದ ಗಣಿಯವರು. ಸ್ಕೆಲ್‌ಬೆಕ್ ತಂಡದ ಬಲ ಅಂಚಿನಲ್ಲಿ ಆಡಿದವನು ಹತ್ತೊಂಬತ್ತರ ಕೆಂಚುಗೂದಲಿನವನು, ಒಳ್ಳೆಯ ಆಟಗಾರ. ಅವನು ಮೊದಲ ಸಲ ಚೆಂಡು ತಂದಾಗ ನಾನು ಚೆಂಡಿನ ಜೊತೆ ಅವನನ್ನೂ ಎತ್ತಿ ಸುಣ್ಣದ ಗೆರೆಯಾಚೆ ಹಾಕಿದೆ. ಎರಡನೆಯ ಸಲ ಇನ್ನೂ ಜೋರಾಗಿ. ರೆಫರಿ ಎಚ್ಚರಿಕೆ ಕೊಟ್ಟರು. ಅವನು ಮೊಣಕಾಲು ಹಿಡಿದುಕೊಂಡು ಎದ್ದು, "ನಾನೇನ್ ಮಾಡಿದ್ದೀನಿ ಮಿಸ್ಟರ್ ಹಾಲ್‌ರಾಯ್ಡ್ ನಿಮ್ಗೆ?" ಎಂದ. "ನಿಂಗಲ್ಲ. ಆ ಅಂಗಿಗೆ" ಎಂದೆ. ಅದು ಸರಿಯಲ್ಲವೆಂದು ಹೇಳುವಾಗಲೇ ಗೊತ್ತಿತ್ತು. ಆದರೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಅರುವತ್ತೊಂದನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ನಮ್ಮ ಸೆಂಟರ್ ಹಾಫ್ ತಲೆ ಕೊಟ್ಟ. ಗೋಲು. ಕಲ್ಲುಗುಡ್ಡೆ ಜಾರಿ ಬಿದ್ದಿತೇನೋ ಎನ್ನುವಂಥ ಸದ್ದು. ಆಮೇಲಿನ ಅರ್ಧ ಗಂಟೆ ನಾವು ಹನ್ನೊಂದು ಜನವೂ ಹಿಂದೆಯೇ ನಿಂತೆವು. ಕೊನೆಗೆ ಎರಡು ನಿಮಿಷವಿದ್ದಾಗ ಎತ್ತರದ ಚೆಂಡೊಂದು ಗೋಲಿನ ಮುಂದೆ ಬಂತು. ನಮ್ಮ ಕೀಪರ್ ಆಲ್ಬನ್, ಒಳ್ಳೆಯ ಹುಡುಗ, ಹೊರಗೆ ಬಂದು "ಬಿಡು" ಎಂದು ಗಂಟಲು ಹರಿಯುವಂತೆ ಕೂಗಿದ. ನಾನು ಬಿಡಲಿಲ್ಲ. ಹಾರಿ ತಲೆಯಿಂದ ಹೊಡೆದು ಆಚೆ ಹಾಕಿದೆ. ನನ್ನ ತಲೆ ಅವನ ಬಾಯಿಗೆ ಬಡಿದು ಎರಡು ಹಲ್ಲು ಹೋದವು. ರಕ್ತ ಉಗುಳುತ್ತ, "ಕೂಗಿದ್ದು ಕೇಳಿಸ್ಲಿಲ್ವಾ?" ಎಂದ. "ಕೇಳಿಸ್ತು" ಎಂದೆ. ಅಣ್ಣಾ, ನೀನು ನನ್ನಿಂದ ಏನು ಕಿತ್ತುಕೊಂಡೆ ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಹಿಂದಿನಿಂದ ಯಾರು ಕೂಗಿದರೂ ನನಗೀಗ ನಂಬಿಕೆ ಬರುವುದಿಲ್ಲ.

ಗೆದ್ದೆವು. ಹಲಗೆಯ ಕೊಠಡಿಯಲ್ಲಿ ತಗಡಿನ ತೊಟ್ಟಿಯ ಬಿಸಿನೀರಿನಲ್ಲಿ ನಾನು ಕೂತಿದ್ದಾಗ ಆರ್ಮಿಸ್ಟೆಡ್ ಸಾಹೇಬರು ಒಳಗೆ ಬಂದರು. ಹಿಂದೆ ನಾಲ್ಕು ಪತ್ರಿಕೆಯವರು. ಕೈಗವಸು ತೆಗೆದು ಕೈ ಚಾಚಿ, ಎಲ್ಲರಿಗೂ ಕೇಳುವ ಹಾಗೆ, "ಚೆನ್ನಾಗಾಡ್ದೆ ಹಾಲ್‌ರಾಯ್ಡ್. ಹಳೇದೆಲ್ಲ ಮರ್ತುಬಿಡೋಣ" ಎಂದರು. ನಾನು ಕೈ ಕೊಡಲಿಲ್ಲ. "ಮರಿಯೋದಕ್ಕೆ ಮುಂಚೆ ಒಂದ್ಮಾತು ಹೇಳ್ಬಿಡಿ ಸಾರ್. ನಾನು ಮಾರ್ಕೊಳ್ಳಲಿಲ್ಲ ಅಂತ. ಇವ್ರು ಬರ್ಕೋತಾರೆ" ಎಂದೆ. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಜಾಸ್ ಮೂಲೆಯಿಂದ, "ಹೇಳಿ ಸಾಹೇಬ್ರೇ, ನೀರು ಆರೋಗ್ತದೆ" ಎಂದ. ಎಲ್ಲರೂ ನಕ್ಕರು. ಸಾಹೇಬರ ಕತ್ತು ಕೆಂಪಾಯಿತು. "ನನ್ನನ್ಯಾಕೆ ಕೇಳ್ತೀಯ? ನಾನು ಕಣ್ಣಲ್ಲಿ ಕಂಡಿದ್ನಾ? ನಿನ್ನಣ್ಣನೇ ಬರ್ದು ಸಹಿ ಹಾಕ್ಕೊಟ್ಟಿದ್ದಾನೆ" ಎಂದರು.

ಆ ಮಾತು ನನಗೆ ಮೊದಲು ಅರ್ಥವೇ ಆಗಲಿಲ್ಲ. "ಸುಳ್ಳು" ಎಂದೆ. "ಸುಳ್ಳಾದ್ರೆ ತೋರಿಸ್ತೀನಿ" ಎಂದರು. ಪತ್ರಿಕೆಯವರೆದುರು ಆಡಿದ ಮಾತು, ತಪ್ಪಿಸಿಕೊಳ್ಳಲಾಗಲಿಲ್ಲ. ಎರಡು ವಾರ ಕಳೆದ ಮೇಲೆ, ನಾವು ನಾಲ್ಕನೆಯ ಸುತ್ತಿನಲ್ಲಿ ಐದು ಗೋಲು ತಿಂದು ಸೋತುಬಂದ ಒಂದೆರಡು ದಿನಕ್ಕೆ, ಸಾಹೇಬರ ಲಕೋಟೆ ಬಂತು. ಒಳಗೆ ಒಂದೇ ಹಾಳೆ, ತಾರೀಖು ನಾನು ಹೊರಗೆ ಕಾದ ಆ ಬುಧವಾರದ್ದು. ನಿನ್ನ ಅಕ್ಷರ. ಬಲಕ್ಕೆ ಬಾಗಿದ ನಿನ್ನ ಅಕ್ಷರವನ್ನು ನಾನು ಕತ್ತಲಲ್ಲೂ ಗುರುತು ಹಿಡಿಯಬಲ್ಲೆ. ನೀನು ಕೂಗಲೇ ಇಲ್ಲವೆಂದು ಬರೆದಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಪಂದ್ಯದ ಬೆಳಿಗ್ಗೆ ಹೋಟೆಲಿನ ಹೊರಗೆ ನಿನ್ನ ತಮ್ಮ ಟೋಪಿ ಹಾಕಿದ ಅಪರಿಚಿತನೊಬ್ಬನ ಜೊತೆ ಬಹಳ ಹೊತ್ತು ಮಾತಾಡುತ್ತಿದ್ದುದನ್ನು ಕಂಡೆನೆಂದೂ ಬರೆದಿದ್ದೆ. ಅಣ್ಣಾ, ಆ ಟೋಪಿಯವನು ಬೂಟು ಹೊಲಿಯುವವನು. ಅವನ ಹತ್ತಿರ ನನ್ನನ್ನು ಕಳಿಸಿದವನು ನೀನು. ನನ್ನ ಕಂಕುಳಲ್ಲಿದ್ದದ್ದು ನಿನ್ನ ಬೂಟು, ಎಡಗಾಲಿನ ಅಡಿಯ ಮೊಳೆ ಕಳಚಿತ್ತು.

ಅಮ್ಮ ಎದುರಿಗೇ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. "ಲೂಥರ್‌ದಾ?" ಎಂದು ಸಂತೋಷದಿಂದ ಕೈ ಒರೆಸಿಕೊಂಡು ಬಂದಳು. ಅಕ್ಷರ ಅವಳಿಗೂ ಗೊತ್ತಲ್ಲ. ನಾನು ಬಚ್ಚಿಡುವ ಮೊದಲೇ ತೆಗೆದುಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದಳು, ತುಟಿ ಅಲ್ಲಾಡಿಸುತ್ತ. ಮುಗಿಸಿ ಹಾಳೆಯನ್ನು ಮಡಿಚಿದಳು. "ಹೆದರಿದ್ದ ಕಣೋ ಅವ್ನು. ಚಿಕ್ಕಂದಿನಿಂದ್ಲೂ ಹೆದರುಪುಕ್ಲ. ನೀನು ಬೆನ್ನಿಗಿದ್ದೆ ಅಂತ ನಿಂತ್ಕೋತಿದ್ದ" ಎಂದಳು. ಒಲೆಗೆ ಹಾಕು ಎಂದಳು. ನಾನು ಹಾಕಲಿಲ್ಲ. "ನಾನು ಸಾಯೋವರ್ಗಾದ್ರೂ ಅವನ ಜೊತೆ ಜಗಳ ತೆಗೀಬೇಡ" ಎಂದಳು. ನಾನು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗಿಟ್ಟೆ. ಅವಳು ಮತ್ತೆ ಆಲೂಗಡ್ಡೆಗೆ ಕೈ ಹಾಕಿದಳು. ನಮ್ಮ ಹಳೆಯ ಮನೆಯ ಬಾಗಿಲು ಉಜ್ಜಿದ ಅವಳ ಬೆರಳು ಇನ್ನೂ ಪೂರ್ತಿ ಮಡಿಚುವುದಿಲ್ಲ, ನಿನಗೆ ಬರೆದಿದ್ದೆನೋ ಇಲ್ಲವೋ.

ಹಾಲ್‌ರಾಯ್ಡ್ ಎಂಬ ಹೆಸರು ಈಗ ಚೊಕ್ಕವಾಗಿದೆ. ಬೂಟಿನವನಿಗೆ ಜಾಸ್ ಕಾಗದ ಬರೆದ. ಆ ಮುದುಕ ಇನ್ನೂ ಅದೇ ಹೋಟೆಲಿನ ಪಕ್ಕ ಕೂರುತ್ತಾನೆ, ನಮ್ಮಿಬ್ಬರನ್ನೂ ನೆನಪಿಟ್ಟುಕೊಂಡಿದ್ದಾನೆ. ಪತ್ರಿಕೆ ಅವನ ಮಾತನ್ನು ಅಚ್ಚು ಹಾಕಿತು. ನಿನ್ನ ಹೆಸರು ಬರದಂತೆ ಅಮ್ಮನಿಗಾಗಿ ಕೇಳಿಕೊಂಡೆ, ಅವರು ಒಪ್ಪಿದರು. ಆರ್ಮಿಸ್ಟೆಡ್ ಸಾಹೇಬರನ್ನು ಹೋದ ಶನಿವಾರ ಅವರದೇ ಮೈದಾನದಲ್ಲಿ ಅವರದೇ ಗಿರಣಿಯ ಜನ ಕೂಗಿ ಎಬ್ಬಿಸಿದರಂತೆ, ಅರ್ಧ ಆಟದಲ್ಲೇ ಕಾರು ಹತ್ತಿ ಹೋದರಂತೆ. ಕೇಳಿ ಎರಡು ಗ್ಲಾಸ್ ಬಿಯರ್ ಕುಡಿದೆ. ಚಾಪೆಲ್ಲಿನ ಗುರುಗಳು, ಸೇಡಿನಲ್ಲಿ ಸುಖವಿಲ್ಲ ಎಂದರು. ಅವರು ಎಡ ಬ್ಯಾಕ್ ಆಡಿದವರಲ್ಲ.

ಅತ್ತಿಗೆಗೆ ಇಡಾಳ ನಮಸ್ಕಾರ ತಿಳಿಸು. ಮಗುವಿಗೆ ಚಿಕ್ಕಪ್ಪನ ಮುತ್ತು. ಅವಳ ಮೇಲೆ ನನಗೆ ಏನೂ ಇಲ್ಲ. ಅಮ್ಮ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಒಂದು ಮುಗಿದಿದೆ. ದೇವರು ನಿನ್ನ ಮನೆಯನ್ನು ಕಾಯಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಮ್ಮ,
ಎಜ್ರಾ ಹಾಲ್‌ರಾಯ್ಡ್

ಮರೆತ ಮಾತು: ನಿಮ್ಮ ಕಾರ್ಖಾನೆಯ ತಂಡದ ಕಾರ್ಯದರ್ಶಿ ಮಿಸ್ಟರ್ ಡಿನ್ಸ್‌ಮೋರ್ ಅವರ ಪತ್ರ ಸೋಮವಾರ ಬಂತು. ತಂಡವನ್ನು ನಿನ್ನ ಕೈಗೆ ಒಪ್ಪಿಸಬೇಕೆಂದಿದ್ದಾರಂತೆ, ನಿನ್ನ ನಡತೆಯ ಬಗ್ಗೆ ಹೇಳಲು ನನ್ನ ಹೆಸರನ್ನು ನೀನೇ ಕೊಟ್ಟೆಯಂತೆ. ನನ್ನ ಮೇಲೆ ನಿನಗೆ ಇನ್ನೂ ಅಷ್ಟು ನಂಬಿಕೆ ಇರುವುದು ಕಂಡು ಆಶ್ಚರ್ಯವಾಯಿತು. ಅವರಿಗೆ ಉತ್ತರ ಬರೆದಾಗಿದೆ: ನೀನು ಒಳ್ಳೆಯ ಗೋಲ್‌ಕೀಪರ್, ಆಟ ಕಲಿಸುವುದರಲ್ಲಿ ನಿನ್ನಂಥವರಿಲ್ಲ, ಎರಡೂ ನಿಜ, ಬರೆದಿದ್ದೇನೆ. ಅದರ ಜೊತೆ ನಿನ್ನ ಆ ಹಾಳೆಯನ್ನೂ, ಅಚ್ಚಾದ ಬೂಟಿನವನ ಮಾತನ್ನೂ ಇಟ್ಟಿದ್ದೇನೆ. ಈ ಕಾಗದ ನಾಳೆ ಬುಧವಾರದ ಹಡಗಿಗೆ, ಅವರಿಗೆ ಬರೆದದ್ದು ಶನಿವಾರದ ಹಡಗಿಗೆ. ಮೂರು ದಿನ ನಿನ್ನ ಕೈಯಲ್ಲಿದೆ. ಅಷ್ಟರಲ್ಲಿ ಅವರ ಮನೆಗೆ ಹೋಗಿ ನಿನ್ನ ಬಾಯಿಂದಲೇ ಹೇಳುತ್ತೀಯೋ, ಲಕೋಟೆ ಒಡೆಯುವವರೆಗೆ ಕಾಯುತ್ತೀಯೋ, ನೀನೇ ನೋಡಿಕೋ. ಅಮ್ಮನಿಗೆ ಇದು ಗೊತ್ತಿಲ್ಲ. ಎ.